ಆರ್ಲಿಂಗ್ಟನ್ ಸಾಲುಮನೆಗಳು: ಉಣ್ಣೆಯ ಉಗ್ರಾಣವೊಂದು ನೇಕಾರರ ಕೇರಿಯಾದ ಬಗೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದಲ್ಲಿ, ಕೋಲ್ನ್ ಎಂಬ ಕಿರುಹೊಳೆಯ ದಡದಲ್ಲಿ, ಬೈಬರಿ ಎಂಬ ಹಳ್ಳಿಯಿದೆ. ಹೊಳೆಯ ಒಂದು ದಡದಲ್ಲಿ ಬೈಬರಿ, ಇನ್ನೊಂದು ದಡದಲ್ಲಿ ಆರ್ಲಿಂಗ್ಟನ್. ಈ ಆರ್ಲಿಂಗ್ಟನ್ನಿನ ಇಳಿಜಾರಿನಲ್ಲಿ ಜೇನುಬಣ್ಣದ ಸುಣ್ಣಕಲ್ಲಿನಿಂದ ಕಟ್ಟಿದ ಮನೆಗಳ ಒಂದು ಸಾಲು ನಿಂತಿದೆ. ಒಂದರ ಗೋಡೆಗೆ ಇನ್ನೊಂದು ಆತುಕೊಂಡಿರುವ ಈ ಮನೆಗಳಿಗೆ ಕಡಿದಾದ ಕಲ್ಲುಹಂಚಿನ ಮಾಡು, ಅದನ್ನು ಸೀಳಿಕೊಂಡು ಮೇಲೆದ್ದ ತ್ರಿಕೋನಾಕಾರದ ಮುಮ್ಮೊಗಗಳು, ಚಿಕ್ಕ ಕಿಟಕಿಗಳು, ದಪ್ಪನೆಯ ಹೊಗೆಗೂಡುಗಳು ಇವೆ. ಇಂಗ್ಲೆಂಡಿನ ಗ್ರಾಮಜೀವನದ ಸಂಕೇತವೆಂದು ಲಕ್ಷಾಂತರ ಚಿತ್ರಗಳಲ್ಲಿ ಮುದ್ರಿತವಾಗಿರುವ ಸಾಲು ಇದು. ಇದರ ನಿರ್ಮಾಣವನ್ನು ಸಾಮಾನ್ಯವಾಗಿ 1380ರ ಕಾಲಕ್ಕೆ ಹೇಳುತ್ತಾರೆ. ಆದರೆ 1380ರಲ್ಲಿ ಇಲ್ಲಿ ಮನೆಗಳಿರಲಿಲ್ಲ. ಇದ್ದದ್ದು ಮಠವೊಂದಕ್ಕೆ ಸೇರಿದ ಉಣ್ಣೆಯ ಉಗ್ರಾಣ. ಅದು ನೇಕಾರರ ಮನೆಗಳಾದದ್ದು ಹದಿನೇಳನೆಯ ಶತಮಾನದಲ್ಲಿ. ಎಂದರೆ ಇಂದು ನೋಡುಗರು ಮೆಚ್ಚುವ ‘ಮನೆ’ ಎಂಬ ರೂಪ ಆ ಕಟ್ಟಡಕ್ಕೆ ಸುಮಾರು ಮುನ್ನೂರು ವರ್ಷಗಳ ಬಳಿಕ ತೊಡಿಸಿದ್ದು.

ವಾಸ್ತು ಇತಿಹಾಸವನ್ನು ಕನ್ನಡದಲ್ಲಿ ಓದುವವರಿಗೆ ಕಲ್ಲೆಂದರೆ ಬಹುಮಟ್ಟಿಗೆ ದೇವಾಲಯ, ಬಸದಿ, ಕೋಟೆ. ದೇವರಿಗೆ ಕಲ್ಲು, ಮನುಷ್ಯರಿಗೆ ಮಣ್ಣು ಮತ್ತು ಮರ ಎಂಬುದು ನಮ್ಮಲ್ಲಿ ದೀರ್ಘಕಾಲ ನಡೆದುಬಂದ ವಿಭಜನೆ. ಹಂಪೆಯ ಅರಮನೆಗಳ ಕಲ್ಲಿನ ಅಧಿಷ್ಠಾನಗಳು ಉಳಿದು, ಮೇಲಿನ ಮರದ ಅಂತಸ್ತುಗಳು ಅಳಿದದ್ದು ಈ ವಿಭಜನೆಯ ಫಲವೇ. ಸೇಡಂ, ಶಹಾಬಾದ್ ಸೀಮೆಯ ಹಾಸುಗಲ್ಲಿನ ಮನೆಗಳಂತಹ ಅಪವಾದಗಳಿವೆ, ನಿಜ. ಅವುಗಳ ಬಗೆಗೆ ಬರೆದವರು ಕಡಮೆ. ಸಾಮಾನ್ಯರ ವಸತಿಯೊಂದು ಕಲ್ಲಿನಲ್ಲಿ ಆರು ಶತಮಾನಗಳ ಕಾಲ ನಿಂತು, ತನ್ನ ಬಳಕೆಯ ಬದಲಾವಣೆಗಳನ್ನೆಲ್ಲ ತನ್ನ ಮೈಮೇಲೆಯೇ ಉಳಿಸಿಕೊಂಡಿರುವುದು ಅಪರೂಪ. ಆರ್ಲಿಂಗ್ಟನ್ ಸಾಲನ್ನು ಅಭ್ಯಾಸ ಮಾಡಬೇಕಾದದ್ದು ಮುಖ್ಯವಾಗಿ ಈ ಕಾರಣಕ್ಕೆ. ಅದರ ಚೆಲುವು ಎರಡನೆಯ ಮಾತು.

ಮೊದಲು ಉಗ್ರಾಣದ ಕಾಲವನ್ನು ನೋಡಬೇಕು. 1348–49ರ ಮಹಾಮಾರಿ ಪ್ಲೇಗು ಇಂಗ್ಲೆಂಡಿನ ಜನಸಂಖ್ಯೆಯ ಬಹುದೊಡ್ಡ ಪಾಲನ್ನು ಅಳಿಸಿತ್ತು. ಉಳುವ ಕೈಗಳು ಕಡಮೆಯಾದವು, ಕೂಲಿ ಏರಿತು. ಒಬ್ಬ ಕುರುಬ ಒಂದು ನಾಯಿಯೊಡನೆ ನೂರಾರು ಕುರಿಗಳನ್ನು ಕಾಯಬಲ್ಲನಾದ್ದರಿಂದ ಅನೇಕ ಕಡೆ ಉಳುವ ಹೊಲ ಹುಲ್ಲುಗಾವಲಾಯಿತು. ಬೈಬರಿಯನ್ನು ಒಳಗೊಂಡ ಕಾಟ್ಸ್‌ವೋಲ್ಡ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲು ಅದಕ್ಕೂ ಮೊದಲೇ ಉದ್ದನೆಯ ಎಳೆಯ ಉಣ್ಣೆಗೆ ಹೆಸರಾದದ್ದು. ಇಲ್ಲಿಯ ಉಣ್ಣೆ ಫ್ಲಾಂಡರ್ಸಿಗೂ ಇಟಲಿಗೂ ಹೋಗುತ್ತಿತ್ತು. ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧದ ವೆಚ್ಚಕ್ಕೆ ಇಂಗ್ಲೆಂಡಿನ ಅರಸರು ನೆಚ್ಚಿದ್ದು ಉಣ್ಣೆಯ ಮೇಲಿನ ಸುಂಕವನ್ನು. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ನೆನೆಯಬಹುದು. ಕವಿ ಚಾಸರ್ 1374ರಿಂದ 1386ರವರೆಗೆ ಲಂಡನ್ ಬಂದರಿನಲ್ಲಿ ಉಣ್ಣೆ ಮತ್ತು ತೊಗಲಿನ ಸುಂಕದ ಲೆಕ್ಕಾಧಿಕಾರಿಯಾಗಿದ್ದ; ಲೆಕ್ಕದ ಸುರುಳಿಗಳನ್ನು ತನ್ನ ಕೈಯಿಂದಲೇ ಬರೆಯಬೇಕೆಂಬುದು ಅವನ ನೇಮಕದ ಷರತ್ತಾಗಿತ್ತು. ಆರ್ಲಿಂಗ್ಟನ್ನಿನಲ್ಲಿ ಉಗ್ರಾಣದ ಗೋಡೆ ಏಳುತ್ತಿದ್ದ ವರ್ಷಗಳಲ್ಲಿ ಆತ ಬಂದರಿನಲ್ಲಿ ಉಣ್ಣೆಮೂಟೆಗಳ ಲೆಕ್ಕ ಬರೆಯುತ್ತಿದ್ದ. ಅವನ ಕ್ಯಾಂಟರ್‌ಬರಿ ಕಥೆಗಳಲ್ಲಿ ಬರುವ ಬಾತ್ ಊರಿನ ಹೆಣ್ಣು ಬಟ್ಟೆ ನೇಯುವುದರಲ್ಲಿ ನಿಪುಣೆಯಾಗಿರುವುದು ಸುಮ್ಮನೆ ಬಂದ ವಿವರವಲ್ಲ.

ಆ ಉಣ್ಣೆಯ ಹಣ ಎಲ್ಲಿ ಕಾಣಿಸಿಕೊಂಡಿತು ಎಂಬುದಕ್ಕೂ ಅದೇ ಕಾಲದ ಸಾಕ್ಷ್ಯವಿದೆ. ಕಾಟ್ಸ್‌ವೋಲ್ಡ್ಸ್‌ನ ಇನ್ನೊಂದು ಊರಾದ ಚಿಪಿಂಗ್ ಕ್ಯಾಂಪ್ಡನ್‌ನಲ್ಲಿ ವಿಲಿಯಂ ಗ್ರೆವೆಲ್ ಎಂಬ ವರ್ತಕನು ಸುಮಾರು 1380ರಲ್ಲಿಯೇ ಕಟ್ಟಿಸಿದ ಮನೆ ಈಗಲೂ ಇದೆ. ಎರಡಂತಸ್ತಿನೆತ್ತರಕ್ಕೆ ಹೊರಚಾಚಿದ ಅದರ ಕಿಟಕಿಯ ಕಲ್ಲುಗೆಲಸ ಚರ್ಚಿನ ಕುಸುರಿಯನ್ನು ಹೋಲುತ್ತದೆ. 1401ರಲ್ಲಿ ತೀರಿಕೊಂಡ ಅವನ ಸಮಾಧಿಯ ಹಿತ್ತಾಳೆ ಫಲಕದಲ್ಲಿ, ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲೆಲ್ಲ ಅವನೇ ಹೂವಿನಂಥವನೆಂಬ ಹೊಗಳಿಕೆ ಕೆತ್ತಲಾಗಿದೆ. ನಾರ್ತ್‌ಲೀಚ್, ಫೇರ್‌ಫರ್ಡ್ ಮೊದಲಾದ ಊರುಗಳ ಭವ್ಯ ಚರ್ಚುಗಳು ಉಣ್ಣೆಯ ಹಣದಿಂದಲೇ ಎದ್ದವು. ಒಂದೇ ಸರಕು, ಒಂದೇ ಕಲ್ಲು. ವರ್ತಕನಿಗೆ ಕುಸುರಿ, ಸರಕಿಗೆ ಬರಿಯ ಗೋಡೆ. ಉಗ್ರಾಣಕ್ಕೆ ಹೆಚ್ಚು ಕಿಟಕಿಗಳು ಬೇಕಿರಲಿಲ್ಲ, ಒಲೆಯೂ ಬೇಕಿರಲಿಲ್ಲ. ಬೇಕಾದದ್ದು ಒಣಗಿದ ನೆಲ, ಉದ್ದನೆಯ ಒಳಾವರಣ, ಮಳೆ ತಡೆಯುವ ಮಾಡು ಇಷ್ಟೇ. ಈಗಿನ ಸಾಲಿನ ಉದ್ದವಾದ ನೇರ ರೂಪ ಆ ಕಾಲದ್ದು. ಮಾಡಿನ ಒಳಗೆ ಇನ್ನೂ ಉಳಿದಿರುವ ಬಾಗಿದ ಓಕ್ ಮರದ ಜೋಡಿತೊಲೆಗಳು ಕೂಡ ಆ ಹಳೆಯ ಮರಗೆಲಸದ ಕುರುಹುಗಳೇ.

ಇನ್ನು ಕಲ್ಲಿನ ಮಾತು. ಕಾಟ್ಸ್‌ವೋಲ್ಡ್ಸ್‌ನ ಕಲ್ಲು ಜುರಾಸಿಕ್ ಯುಗದ ಆಳವಿಲ್ಲದ ಕಡಲಿನಲ್ಲಿ ಮಡುಗಟ್ಟಿದ ಸುಣ್ಣಕಲ್ಲು. ಮೀನಿನ ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸಿದಂತೆ ಕಾಣುವ ಸಣ್ಣ ಗುಂಡುಕಣಗಳು ಅದರ ರಚನೆಯ ವೈಶಿಷ್ಟ್ಯ. ಗಣಿಯಿಂದ ಹೊಸದಾಗಿ ತೆಗೆದಾಗ ಅದರಲ್ಲಿ ನೀರಿನ ಪಸೆಯಿರುತ್ತದೆ. ಆಗ ಅದು ಮೆತ್ತಗಿದ್ದು ಉಳಿಗೆ ಸುಲಭವಾಗಿ ಬಗ್ಗುತ್ತದೆ; ಗಾಳಿಗೆ ಒಡ್ಡಿದ ಮೇಲೆ ಪಸೆ ಆರಿ ಗಟ್ಟಿಯಾಗುತ್ತದೆ. ಬೇಲೂರು ಹಳೇಬೀಡಿನ ಬಳಪದ ಕಲ್ಲಿನ ಬಗ್ಗೆ ಕೇಳಿರುವವರಿಗೆ ಈ ಗುಣ ಹೊಸದೆನಿಸದು. ಕಲ್ಲಿನೊಳಗಿನ ಕಬ್ಬಿಣದ ಅಂಶದಿಂದ ಅದಕ್ಕೆ ಜೇನಿನ ಬಣ್ಣ ಬರುತ್ತದೆ. ಉತ್ತರದ ಕಡೆಗೆ ಬಣ್ಣ ಗಾಢ, ದಕ್ಷಿಣಕ್ಕೆ ಬಂದಂತೆ ತಿಳಿ. ಗೋಡೆಗಳಿಗೆ ಬಳಸಿದ್ದು ಒರಟಾಗಿ ಒಡೆದ ಕಲ್ಲುಗಳು, ಅವುಗಳ ನಡುವೆ ಸುಣ್ಣದ ಗಾರೆ. ನಯವಾಗಿ ಕೆತ್ತಿದ ಕಲ್ಲು ಸಿರಿವಂತರ ಮನೆಗೆ ಮೀಸಲು. ಬಡವರ ಮನೆಯಲ್ಲಿ ಅದು ಹೆಚ್ಚೆಂದರೆ ಮೂಲೆಗಲ್ಲಿನಲ್ಲಿ, ಬಾಗಿಲಿನ ಅಂಚಿನಲ್ಲಿ ಕಾಣಿಸೀತು.

ಆದರೆ ಈ ವಾಸ್ತುವಿನ ನಿಜವಾದ ಜಾಣ್ಮೆ ಇರುವುದು ಮಾಡಿನಲ್ಲಿ. ಅಲ್ಲಿಯ ಹಂಚು ಮಣ್ಣಿನದಲ್ಲ, ಕಲ್ಲಿನದು. ಪದರಪದರವಾಗಿ ಸೀಳುವ ಒಂದು ಬಗೆಯ ಸುಣ್ಣಕಲ್ಲಿನಿಂದ ಅದನ್ನು ತಯಾರಿಸುತ್ತಿದ್ದರು. ಈ ಕೆಲಸಕ್ಕೆ ಹೆಸರಾದ ಸ್ಟೋನ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಕಲ್ಲುಗಣಿಗಾರರು ಬಂಡೆಗಳನ್ನು ಶರತ್ಕಾಲದಲ್ಲಿ ಮೇಲಕ್ಕೆ ತಂದು ಬಯಲಿನಲ್ಲಿ ಹರಡಿ, ಒಣಗದಂತೆ ಒದ್ದೆಯಾಗಿ ಇಡುತ್ತಿದ್ದರು. ಚಳಿಗಾಲದ ರಾತ್ರಿಗಳಲ್ಲಿ ಒಳಗಿನ ಪಸೆ ಹೆಪ್ಪುಗಟ್ಟಿ ಹಿಗ್ಗಿದಾಗ ಬಂಡೆ ತಾನೇ ಪದರಗಳಾಗಿ ಬಿರಿಯುತ್ತಿತ್ತು. ಮುಂದೆ ಸುತ್ತಿಗೆಯ ಕೆಲಸ ಸ್ವಲ್ಪವೇ. ಹಿಮ ಚೆನ್ನಾಗಿ ಬೀಳದ ವರ್ಷ ಹಂಚಿಗೂ ಬರ. ಮಳೆಯನ್ನು ನೆಚ್ಚಿದ ರೈತನಂತೆ ಹಿಮವನ್ನು ನೆಚ್ಚಿದ ಕಲ್ಲುಕುಟಿಗರಿದ್ದರು ಎಂಬುದು ನಮಗೆ ವಿಚಿತ್ರವಾಗಿ ತೋರಬಹುದು. ಇದೇ ಸ್ಟೋನ್ಸ್‌ಫೀಲ್ಡಿನ ಗಣಿಗಳಲ್ಲಿ ದೊರೆತ ಎಲುಬುಗಳನ್ನು ಆಧರಿಸಿ ವಿಲಿಯಂ ಬಕ್ಲೆಂಡ್ 1824ರಲ್ಲಿ ಮೆಗಲೋಸಾರಸ್ ಎಂಬ ಪ್ರಾಣಿಯನ್ನು ವರ್ಣಿಸಿದ. ವೈಜ್ಞಾನಿಕವಾಗಿ ಹೆಸರು ಪಡೆದ ಮೊದಲ ಡೈನೋಸಾರ್ ಅದು. ಮನೆಯ ಹಂಚಿಗಾಗಿ ಅಗೆದವರು ವಿಜ್ಞಾನಕ್ಕೊಂದು ಅಧ್ಯಾಯ ಒದಗಿಸಿದರು.

ಹೀಗೆ ಬಿರಿದ ಚಕ್ಕೆಗಳು ಒಂದೇ ಅಳತೆಯವಾಗಿರುವುದು ಅಸಾಧ್ಯ. ಕುಶಲಿಗಳು ಆ ವಿಷಮತೆಯನ್ನೇ ನಿಯಮವಾಗಿಸಿಕೊಂಡರು. ದೊಡ್ಡವೂ ಭಾರವಾದವೂ ಸೂರಿನ ಬಳಿ, ಮೇಲೇರಿದಂತೆ ಚಿಕ್ಕವು, ನೆತ್ತಿಯಲ್ಲಿ ಅಂಗೈಯಗಲದವು. ನೀರು ಕೆಳಗಿಳಿದಂತೆ ಅದರ ಪ್ರಮಾಣ ಹೆಚ್ಚುವುದರಿಂದ, ಸೂರಿನ ಬಳಿ ಸಂದುಗಳು ಕಡಮೆಯಿರುವ ದೊಡ್ಡ ಹಂಚೇ ಬೇಕು. ಗೋಡೆಯ ಆಧಾರವೂ ಅಲ್ಲಿಯೇ ಇರುವುದರಿಂದ ಭಾರವೂ ಅಲ್ಲಿಗೇ ಸಲ್ಲುತ್ತದೆ. ಪ್ರತಿ ಹಂಚಿನ ತಲೆಗೆ ತೂತು ಕೊರೆದು, ಓಕ್ ಮರದ ಬೆಣೆ ತೂರಿಸಿ, ರೀಪಿಗೆ ತೂಗಹಾಕುತ್ತಿದ್ದರು. ಒಂದೊಂದು ಅಳತೆಗೂ ಒಂದೊಂದು ಹೆಸರು. ಅವುಗಳಲ್ಲಿ ಒಂದಕ್ಕೆ ‘ಬ್ರಹ್ಮಚಾರಿ’ ಎಂಬರ್ಥದ ಹೆಸರಿದ್ದದ್ದು ಕಸುಬುದಾರರ ವಿನೋದಕ್ಕೆ ಸಾಕ್ಷಿ. ಕಲ್ಲುಹಂಚು ಒರಟಾದ್ದರಿಂದ ಒಂದರ ಮೇಲೊಂದು ಪೂರ್ತಿ ಅಂಟಿ ಕೂರುವುದಿಲ್ಲ; ಮಾಡಿನ ಇಳಿಜಾರು ಕಡಮೆಯಾದರೆ ಗಾಳಿಮಳೆಯ ನೀರು ಒಳಗೆ ನುಗ್ಗುತ್ತದೆ. ಆದ್ದರಿಂದ ಐವತ್ತು ಡಿಗ್ರಿಯ ಆಸುಪಾಸಿನ ಕಡಿದಾದ ಮಾಡು ಇಲ್ಲಿ ಅನಿವಾರ್ಯ. ಮಾಡು ಕಡಿದಾದರೆ ಅದರೊಳಗೆ ನಿಲ್ಲುವಷ್ಟು ಎತ್ತರದ ಅಟ್ಟ ತಾನಾಗಿ ಸಿಗುತ್ತದೆ. ಅಟ್ಟಕ್ಕೆ ಬೆಳಕು ಬೇಕೆಂದು ಗೋಡೆಯನ್ನೇ ಮೇಲಕ್ಕೆ ಬೆಳೆಸಿ ತ್ರಿಕೋನದ ಮುಮ್ಮೊಗದಲ್ಲಿ ಕಿಟಕಿ ತೆಗೆದರು. ಆ ಚಿಕ್ಕ ಮಾಡೂ ದೊಡ್ಡ ಮಾಡೂ ಕೂಡುವ ಮೂಲೆಯಲ್ಲಿ ದುಬಾರಿಯಾದ ಸೀಸದ ತಗಡಿನ ಬದಲು ಕಲ್ಲುಹಂಚನ್ನೇ ಬಳುಕಿಸಿದಂತೆ ಜೋಡಿಸಿ ನೀರು ಹರಿಸಿದರು. ಜಗತ್ತು ‘ಕಾಟ್ಸ್‌ವೋಲ್ಡ್ಸ್ ಶೈಲಿ’ ಎಂದು ಕರೆಯುವುದರ ಬಹುಪಾಲು ಲಕ್ಷಣಗಳು ಒಂದು ಹಂಚಿನ ಸ್ವಭಾವದಿಂದ ಹೀಗೆ ಒಂದರ ಹಿಂದೊಂದು ಹುಟ್ಟಿಕೊಂಡವು. ಶೈಲಿ ಎಂಬ ಮಾತನ್ನು ಬಳಸುವಾಗ ಇದನ್ನು ಮರೆಯಬಾರದು. ಮೂಡುಬಿದಿರೆಯ ಬಸದಿಗಳ ಇಳಿಮಾಡುಗಳೂ ಕರಾವಳಿಯ ಮಳೆಗೆ ಕೊಟ್ಟ ಉತ್ತರಗಳೇ. ಆದರೆ ಅಲ್ಲಿ ಉದ್ದುದ್ದ ಹಾಸುಗಲ್ಲುಗಳನ್ನು ಮರದ ಹಲಗೆಗಳ ಹಾಗೆ ಜೋಡಿಸಿದ್ದಾರೆ. ಇಲ್ಲಿ ಕಲ್ಲು ಹಂಚಾಗಿದೆ. ಮಳೆ ಒಂದೇ, ಕಲ್ಲು ಬೇರೆ, ಆದ್ದರಿಂದ ಮಾಡೂ ಬೇರೆ.

1536ರಿಂದ 1540ರ ನಡುವೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ. ಅವುಗಳ ಭೂಮಿ ಖಾಸಗಿ ಒಡೆಯರ ಪಾಲಾಯಿತು. ಉಣ್ಣೆಯ ಅರ್ಥವ್ಯವಸ್ಥೆಯೂ ಆ ವೇಳೆಗೆ ಬದಲಾಗಿತ್ತು. ಮೂಟೆ ಕಟ್ಟಿ ಹೊರದೇಶಕ್ಕೆ ಕಳಿಸುವುದಕ್ಕಿಂತ ದೇಶದಲ್ಲೇ ಬಟ್ಟೆಯಾಗಿ ನೇಯ್ದು ಮಾರುವುದು ಲಾಭಕರವೆನಿಸಿತ್ತು. ಉಗ್ರಾಣವು ಮನೆಗಳಾದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕಚ್ಚಾ ಸರಕನ್ನು ಕೂಡಿಡುವ ಜಾಗ ಆ ಸರಕನ್ನು ಬಟ್ಟೆ ಮಾಡುವ ಕೈಗಳು ವಾಸಿಸುವ ಜಾಗವಾಯಿತು. ಉದ್ದನೆಯ ಒಳಾವರಣವನ್ನು ಅಡ್ಡಗೋಡೆಗಳಿಂದ ತುಂಡರಿಸಿದರು. ಒಂದೊಂದು ತುಂಡಿಗೆ ಒಂದೊಂದು ಬಾಗಿಲು, ಒಲೆ, ಹೊಗೆಗೂಡು. ಅಟ್ಟ ಹಾಕಿ ಎರಡು ಅಂತಸ್ತು ಮಾಡಿದರು. ಮಾಡನ್ನು ಸೀಳಿ ಕಿಟಕಿ ಎಬ್ಬಿಸಿದರು. ಸಾಲಿಗೆ ಇನ್ನಷ್ಟು ಮನೆಗಳನ್ನೂ ಜೋಡಿಸಿದರು. ಸಾಲಿನ ಮುಮ್ಮೊಗಗಳು ಒಂದೊಂದು ಎತ್ತರಕ್ಕೆ ಒಂದೊಂದು ಅಳತೆಯಲ್ಲಿ ನಿಂತಿರುವುದು ಈ ಕಾರಣದಿಂದ. ಮೊದಲೇ ಇದ್ದ ತೊಲೆಗಳ ನಡುವೆ, ಸಿಕ್ಕ ಎಡೆಯಲ್ಲಿ, ಅಗತ್ಯ ಬಿದ್ದಂತೆ ಅವನ್ನು ಸೇರಿಸುತ್ತ ಹೋದರು. ಪ್ರವಾಸಿ ಕೈಪಿಡಿಗಳು ಮೆಚ್ಚುವ ‘ಸಹಜ ಅಸ್ತವ್ಯಸ್ತತೆ’ಯ ಹಿಂದಿರುವುದು ಹಳೆಯ ಹಂದರಕ್ಕೆ ಹೊಸ ಬದುಕನ್ನು ಹೊಂದಿಸುವ ತಿಣುಕಾಟ. ಪ್ರಾಚೀನ ಓಲೆಗ್ರಂಥವೊಂದರಲ್ಲಿ ಮೂಲ ಪಾಠದ ನಡುನಡುವೆ ಬೇರೆ ಕಾಲದ ಕೈಬರಹ ಸೇರಿರುವಂತೆ ಇಲ್ಲಿ ಹದಿನಾಲ್ಕನೆಯ ಶತಮಾನದ ಕಟ್ಟಡದೊಳಗೆ ಹದಿನೇಳನೆಯದು ಬರೆಯಲ್ಪಟ್ಟಿದೆ.

ನೇಕಾರರ ದುಡಿಮೆಯ ಕ್ರಮವನ್ನು ಈ ಪರಿಸರದಲ್ಲಿ ಇಂದಿಗೂ ಗುರುತಿಸಬಹುದು. ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವರು ನೂಲಬೇಕು. ಆ ಕೆಲಸ ಹೆಂಗಸರದು, ಮಕ್ಕಳದು. ಇಂಗ್ಲಿಷಿನಲ್ಲಿ ಮದುವೆಯಾಗದ ಹೆಣ್ಣಿಗೆ ಬಳಸುತ್ತಿದ್ದ ‘ಸ್ಪಿನ್‌ಸ್ಟರ್’ ಎಂಬ ಶಬ್ದದ ಮೂಲಾರ್ಥ ನೂಲುವವಳು. ಅಗಲಪನ್ನದ ಬಟ್ಟೆಯ ಮಗ್ಗದಲ್ಲಿ ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆಯಲು ಇಬ್ಬರು ಕೂರಬೇಕಿತ್ತು. 1733ರಲ್ಲಿ ಜಾನ್ ಕೇ ಹಾರುಲಾಳಿಯನ್ನು ಕಂಡುಹಿಡಿಯುವವರೆಗೂ ಇದೇ ಸ್ಥಿತಿ. ನೇಯ್ದ ಬಟ್ಟೆ ಜಿಡ್ಡಿನಿಂದ ಕೂಡಿರುತ್ತಿತ್ತು, ನೇಯ್ಗೆ ಸಡಿಲವಾಗಿರುತ್ತಿತ್ತು. ಅದನ್ನು ಹತ್ತಿರದ ಆರ್ಲಿಂಗ್ಟನ್ ಗಿರಣಿಗೆ ಒಯ್ದು, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು ಬೆರೆಸಿದ ನೀರಿನಲ್ಲಿ, ಹೊಳೆಯ ಚಕ್ರದಿಂದ ಏಳುಬೀಳುವ ಮರದ ಕೊಡತಿಗಳಿಂದ ಕುಟ್ಟಿಸುತ್ತಿದ್ದರು. ಎಳೆಗಳು ಒಂದಕ್ಕೊಂದು ಹೆಣೆದು ಬಟ್ಟೆ ದಟ್ಟವಾಗುತ್ತಿತ್ತು. ನಮ್ಮ ಕಂಬಳಿ ನೇಯುವವರು ಹುಣಸೆಬೀಜದ ಸರಿ ಹಚ್ಚಿ ಪಡೆಯುವ ಬಿಗುವನ್ನು ಅವರು ನೀರಿನ ಬಲದಿಂದ ಪಡೆದರು. ಒದ್ದೆ ಬಟ್ಟೆ ಮುದುಡದಂತೆ ಅಂಚಿಗೆ ಕೊಕ್ಕೆ ಸಿಕ್ಕಿಸಿ ಚೌಕಟ್ಟುಗಳಿಗೆ ಬಿಗಿದು ಒಣಗಿಸಬೇಕು. ಸಾಲುಮನೆಗಳ ಎದುರಿಗಿರುವ, ಮೂರು ಕಡೆ ನೀರು ಸುತ್ತುವರಿದ ಹುಲ್ಲುಗಾವಲಿಗೆ ‘ರ‍್ಯಾಕ್ ಐಲ್’ ಎಂಬ ಹೆಸರು ಬಂದದ್ದು ಆ ಚೌಕಟ್ಟುಗಳಿಂದ. ಮನೆ, ಗಿರಣಿ, ಒಣಗಿಸುವ ನಡುಗಡ್ಡೆ, ಅವನ್ನೆಲ್ಲ ಬೆಸೆಯುವ ಹೊಳೆ ಇವು ಸೇರಿ ಒಂದು ಕಾರ್ಖಾನೆ. ಅದಕ್ಕೆ ಆವರಣದ ಗೋಡೆ ಮಾತ್ರ ಇರಲಿಲ್ಲ. ಇಂತಹ ವ್ಯವಸ್ಥೆಯಲ್ಲಿ ನೂಲೂ ಬಟ್ಟೆಯೂ ಸಾಮಾನ್ಯವಾಗಿ ನೇಕಾರನದಾಗಿರುತ್ತಿರಲಿಲ್ಲ. ಬಟ್ಟೆ ವರ್ತಕ ನೂಲು ಕೊಟ್ಟು, ನೇಯ್ದದ್ದಕ್ಕೆ ಕೂಲಿ ಅಳೆಯುತ್ತಿದ್ದ. ಇಳಕಲ್ಲು, ಗುಳೇದಗುಡ್ಡಗಳ ಮಗ್ಗದ ಮನೆಗಳನ್ನು ಬಲ್ಲವರಿಗೆ ಈ ಸಂಬಂಧವನ್ನು ವಿವರಿಸಬೇಕಾಗಿಲ್ಲ.

ಈ ನೇಕಾರರ ಬದುಕನ್ನು ರಕ್ಷಿಸಲು, ಅಥವಾ ಅವರ ಹೆಸರಿನಲ್ಲಿ ವರ್ತಕರನ್ನು ರಕ್ಷಿಸಲು, ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಕಾನೂನುಗಳು ಕುತೂಹಲಕರ. 1666 ಮತ್ತು 1678ರ ಕಾನೂನುಗಳ ಪ್ರಕಾರ ಸತ್ತವರನ್ನು ಉಣ್ಣೆಯ ಬಟ್ಟೆಯಲ್ಲಿಯೇ ಹೂಳಬೇಕಾಗಿತ್ತು; ತಪ್ಪಿದರೆ ಐದು ಪೌಂಡು ದಂಡ. ಬದುಕಿದ್ದವರು ಮಾತ್ರ ಬೇರೊಂದು ಬಟ್ಟೆಗೆ ಮನಸೋತಿದ್ದರು. ಅದು ಭಾರತದ ಹತ್ತಿಯ ಚೀಟಿಬಟ್ಟೆ. ತೆಳುವಾದ, ಬಣ್ಣಬಣ್ಣದ, ಒಗೆದರೂ ಬಣ್ಣ ಬಿಡದ ಆ ಬಟ್ಟೆಯ ಎದುರು ಉಣ್ಣೆ ಮಂಕಾಯಿತು. 1700ರಲ್ಲಿ ಅದರ ಆಮದಿಗೆ ಕಡಿವಾಣ ಬಿತ್ತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು ಚೀಟಿಬಟ್ಟೆ ತೊಟ್ಟ ಹೆಂಗಸರ ಮೇಲೆ ಎರಗಿದರು. 1721ರ ಕಾನೂನು ಅಂತಹ ಬಟ್ಟೆಯನ್ನು ತೊಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿತು. ಲಂಕಾಷೈರಿನ ಗಿರಣಿಗಳು ನಮ್ಮ ನೇಕಾರರನ್ನು ಮುಳುಗಿಸಿದ ಕತೆ ಎಲ್ಲರಿಗೂ ಗೊತ್ತು. ಅದಕ್ಕೆ ನೂರು ವರ್ಷ ಮೊದಲು ನಮ್ಮ ನೇಕಾರರ ಕೈಗೆಲಸಕ್ಕೆ ಹೆದರಿ ಇಂಗ್ಲೆಂಡು ಬಾಗಿಲು ಹಾಕಿಕೊಂಡದ್ದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ವಿಪರ್ಯಾಸವೆಂದರೆ ಮುಂದೆ ಯಂತ್ರಗಳು ಬಂದಾಗ ಇಂಗ್ಲೆಂಡಿನ ಹಳ್ಳಿಯ ನೇಕಾರರೂ ಉಳಿಯಲಿಲ್ಲ.

ಬಟ್ಟೆಯ ಉದ್ಯಮವು ಕಾಟ್ಸ್‌ವೋಲ್ಡ್ಸ್‌ನ ಪಶ್ಚಿಮದ ಸ್ಟ್ರೌಡ್ ಕಣಿವೆಯಲ್ಲಿಯೂ, ಬಳಿಕ ಉತ್ತರದ ಯಾರ್ಕ್‌ಷೈರಿನಲ್ಲಿಯೂ ಕೇಂದ್ರೀಕೃತವಾಯಿತು. ಕೋಲ್ನ್ ದಂಡೆಯ ಮಗ್ಗಗಳು ನಿಂತವು. ಸಾಲುಮನೆಗಳಲ್ಲಿ ಕೂಲಿಕಾರರು ಬಂದು ನೆಲೆಸಿದರು. ಹಳೆಯ ಮನೆಗಳು ಉಳಿದದ್ದಕ್ಕೆ ಕಾರಣವನ್ನು ಸಾಮಾನ್ಯವಾಗಿ ಪರಂಪರಾಪ್ರೇಮದಲ್ಲಿ ಹುಡುಕುತ್ತಾರೆ. ವಾಸ್ತವವಾಗಿ ಅವು ಉಳಿದದ್ದು ಬಡತನದಿಂದ. ಕೆಡವಿ ಹೊಸದಾಗಿ ಕಟ್ಟುವ ಹಣ ಅಲ್ಲಿದ್ದವರ ಬಳಿ ಇರಲಿಲ್ಲ. ಕಟ್ಟಿಸುವ ಅಗತ್ಯ ಒಡೆಯರಿಗೆ ಕಾಣಲಿಲ್ಲ. ರೈಲುಮಾರ್ಗವೂ ಬೈಬರಿಗೆ ಬರಲಿಲ್ಲವಾದ್ದರಿಂದ ಅಗ್ಗದ ಇಟ್ಟಿಗೆ, ವೇಲ್ಸ್‌ನ ಸ್ಲೇಟು ಅಲ್ಲಿಗೆ ಸುಲಭವಾಗಿ ತಲುಪಲಿಲ್ಲ.

ಹೀಗೆ ಮರೆತುಹೋಗಿದ್ದ ಊರನ್ನು ಇಂಗ್ಲೆಂಡಿನ ಅತ್ಯಂತ ಸುಂದರ ಹಳ್ಳಿಯೆಂದು ಹೊಗಳಿದ ಕೀರ್ತಿ ವಿಲಿಯಂ ಮಾರಿಸ್‌ಗೆ ಸಲ್ಲುತ್ತದೆ. ಕವಿ, ಕುಶಲಕರ್ಮಿ, ಸಮಾಜವಾದಿ ಚಿಂತಕನಾದ ಆತ 1871ರಿಂದ ಕಾಟ್ಸ್‌ವೋಲ್ಡ್ಸ್‌ನ ಅಂಚಿನ ಕೆಲ್ಮ್‌ಸ್ಕಾಟ್ ಎಂಬಲ್ಲಿ ಹಳೆಯ ಕಲ್ಲುಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದ. ಅವನ ಕಾದಂಬರಿ ‘ನ್ಯೂಸ್ ಫ್ರಮ್ ನೋವೇರ್’ (1890) ಹೇಳುವ ಪಯಣ ಕೊನೆಗೊಳ್ಳುವುದು ಆ ಮನೆಯಲ್ಲಿಯೇ. 1895ರ ಒಂದು ಲೇಖನದಲ್ಲಿ ಆತ, ಮೇಲೇರಿದಂತೆ ಕಿರಿದಾಗುವ ಅಲ್ಲಿಯ ಕಲ್ಲುಹಂಚುಗಳ ಕ್ರಮವು ಮೀನಿನ ಹುರುಪೆಯನ್ನೋ ಹಕ್ಕಿಯ ಗರಿಯನ್ನೋ ಕಂಡಾಗ ಆಗುವಂತಹ ಸಂತೋಷವನ್ನು ಕೊಡುತ್ತದೆಂದು ಬರೆದಿದ್ದಾನೆ. ಕಣ್ಣಿನ ಹಿತಕ್ಕಿಂತ ಮುಖ್ಯವಾದದ್ದು ಅವನ ಇನ್ನೊಂದು ಕಾರ್ಯ. 1877ರಲ್ಲಿ ಆತ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದ. ಆಗಿನ ವಾಸ್ತುಶಿಲ್ಪಿಗಳು ಜೀರ್ಣೋದ್ಧಾರದ ಹೆಸರಿನಲ್ಲಿ ಚರ್ಚುಗಳಿಂದ ನಂತರದ ಶತಮಾನಗಳ ಸೇರ್ಪಡೆಗಳನ್ನು ಕಿತ್ತು, ಗೋಡೆಯ ಗಾರೆಯನ್ನು ಹೆರೆದು, ತಾವು ಊಹಿಸಿದ ‘ಶುದ್ಧ ಮೂಲರೂಪ’ವನ್ನು ನಿಲ್ಲಿಸುತ್ತಿದ್ದರು. ಮಾರಿಸ್ ಅದನ್ನು ವಿರೋಧಿಸಿದ. ಕಟ್ಟಡಕ್ಕೆ ಆಸರೆ ಕೊಡಿ, ಸೋರುವುದನ್ನು ತಡೆಯಿರಿ, ಆದರೆ ಅದರ ಇತಿಹಾಸವನ್ನು ತಿದ್ದಬೇಡಿ ಎಂಬುದು ಅವನ ನಿಲುವು.

ಈ ವಾದ ಕನ್ನಡದ ವಿದ್ವಾಂಸರಿಗೆ ಪರಿಚಿತವಾದದ್ದೇ. ಗ್ರಂಥಸಂಪಾದನೆಯಲ್ಲಿ ಪ್ರತಿಗಳಲ್ಲಿ ಇರುವ ಪಾಠವನ್ನು ಗೌರವಿಸಬೇಕೆ, ಕವಿ ಹೀಗೆ ಬರೆದಿರಬೇಕೆಂದು ಊಹಿಸಿ ತಿದ್ದಬೇಕೆ ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಸಂಪಾದಕನು ಕಡೆಯ ಪಕ್ಷ ತಿರಸ್ಕೃತ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡಬಲ್ಲ. ಹೆರೆದುಹಾಕಿದ ಗೋಡೆಗೆ ಅಡಿಟಿಪ್ಪಣಿಯಿಲ್ಲ. ಆರ್ಲಿಂಗ್ಟನ್ ಸಾಲಿನಲ್ಲಿ 1380ರ ಉಗ್ರಾಣವನ್ನು ‘ಮರಳಿ ಪಡೆಯ’ಹೊರಟಿದ್ದರೆ ಮೊದಲು ಬೀಳುತ್ತಿದ್ದದ್ದು ನೇಕಾರರ ಹೊಗೆಗೂಡುಗಳು, ಅಡ್ಡಗೋಡೆಗಳು, ಆ ತ್ರಿಕೋನದ ಮುಮ್ಮೊಗಗಳು. ಪಾಠಾಂತರವನ್ನು ಕಳೆದಿದ್ದರೆ ಕಾವ್ಯವೇ ಹೋಗುತ್ತಿತ್ತು. ನಮ್ಮ ಹಳೆಯ ಗುಡಿ ಬಸದಿಗಳ ಜೀರ್ಣೋದ್ಧಾರದಲ್ಲಿ ಮರಳು ಚಿಮ್ಮಿಸಿ ಶಿಲ್ಪಗಳನ್ನು ಉಜ್ಜುವುದು, ಶಾಸನದ ಕಲ್ಲುಗಳಿಗೆ ಬಣ್ಣ ಬಳಿಯುವುದು ಇಂದಿಗೂ ನಡೆದಿರುವಾಗ ಮಾರಿಸನ ವಾದಕ್ಕೆ ಇನ್ನೂ ಕೆಲಸವಿದೆ.

ಮಾರಿಸನ ವಿಚಾರಗಳಿಂದ ಪ್ರೇರಿತರಾದ ಕುಶಲಕರ್ಮಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಟ್ಸ್‌ವೋಲ್ಡ್ಸ್‌ಗೆ ವಲಸೆ ಬಂದರು. ಸಿ. ಆರ್. ಆಶ್‌ಬಿ ತನ್ನ ಕುಶಲಕರ್ಮಿಗಳ ಸಂಘವನ್ನು 1902ರಲ್ಲಿ ಲಂಡನ್ನಿನಿಂದ ಚಿಪಿಂಗ್ ಕ್ಯಾಂಪ್ಡನ್‌ಗೆ ತಂದ. ಹತ್ತಿರದ ಬ್ರಾಡ್ ಕ್ಯಾಂಪ್ಡನ್‌ನಲ್ಲಿ ಪಾಳುಬಿದ್ದಿದ್ದ ಹನ್ನೆರಡನೆಯ ಶತಮಾನದ ಕಲ್ಲಿನ ಚಾಪೆಲ್ ಒಂದನ್ನು ಅವನು ಮನೆಯಾಗಿ ಪರಿವರ್ತಿಸಿಕೊಟ್ಟದ್ದು ಆನಂದ ಕುಮಾರಸ್ವಾಮಿಯವರಿಗೆ. ಸಿಂಹಳದ ಮಧ್ಯಯುಗೀನ ಕಲೆಯನ್ನು ಕುರಿತ ಅವರ ಮಹತ್ವದ ಗ್ರಂಥ (1908) ಸಿದ್ಧವಾದದ್ದು ಅಲ್ಲಿ. ಅದು ಅಚ್ಚಾದದ್ದು ಮಾರಿಸ್ ಹಿಂದೆ ಬಳಸುತ್ತಿದ್ದ ಕೈಮುದ್ರಣಯಂತ್ರದಲ್ಲಿ. ಇದೇ ಕುಮಾರಸ್ವಾಮಿಯವರು ಮುಂದೆ ಬಾಸ್ಟನ್ ವಸ್ತುಸಂಗ್ರಹಾಲಯದ ಜೈನ ಚಿತ್ರಗಳ ಹಾಗೂ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯನ್ನು (1924) ರಚಿಸಿ ಜೈನ ಚಿತ್ರಕಲೆಯ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿದರು. ಕುಶಲಕರ್ಮಿಯ ಕೈ, ಅವನ ಸಮುದಾಯ, ಅವನು ಬಳಸುವ ವಸ್ತು ಇವನ್ನು ಬಿಟ್ಟು ಕಲೆಯನ್ನು ನೋಡಲಾಗದೆಂಬ ಅವರ ದೃಷ್ಟಿಗೆ ಕಾಟ್ಸ್‌ವೋಲ್ಡ್ಸ್‌ನ ವರ್ಷಗಳೂ ಇಂಬು ಕೊಟ್ಟಿರಬೇಕು.

1920ರ ದಶಕದ ಹೊತ್ತಿಗೆ ಹಳ್ಳಿಯ ಹಳೆಯ ಮನೆಗಳು ಇಂಗ್ಲೆಂಡಿನಾದ್ಯಂತ ಬೀಳತೊಡಗಿದ್ದವು. ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು ಅವುಗಳ ರಕ್ಷಣೆಗೆಂದು ಒಂದು ನಿಧಿಯನ್ನು ಕೂಡಿಸಿ 1929ರಲ್ಲಿ ಆರ್ಲಿಂಗ್ಟನ್ ಸಾಲನ್ನು ಕೊಂಡುಕೊಂಡಿತು. ಅರಮನೆ, ಚರ್ಚುಗಳನ್ನು ಬಿಟ್ಟು ಕೂಲಿಕಾರರ ಮನೆಗಳನ್ನು ರಾಷ್ಟ್ರೀಯ ಸ್ವತ್ತೆಂದು ಭಾವಿಸಿದ್ದು ಆ ಕಾಲಕ್ಕೆ ಹೊಸ ಆಲೋಚನೆ. ಅದೇ ದಿನಗಳಲ್ಲಿ ಅಮೆರಿಕದ ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಇಡೀ ಸಾಲನ್ನು ಕಳಚಿ ಅಮೆರಿಕಕ್ಕೆ ಒಯ್ಯಬಯಸಿದ್ದನೆಂಬ ಮಾತು ಊರಿನಲ್ಲಿ ಪ್ರಚಲಿತವಾಗಿದೆ. ಅದು ಎಷ್ಟು ನಿಜವೋ, ಆತ ಹತ್ತಿರದ ಚೆಡ್‌ವರ್ತ್ ಹಳ್ಳಿಯ ಹದಿನೇಳನೆಯ ಶತಮಾನದ ಕಲ್ಲುಮನೆಯೊಂದನ್ನು ಕೊಂಡದ್ದಂತೂ ನಿಜ. ಕಲ್ಲುಗಳಿಗೆಲ್ಲ ಅಂಕಿ ಹಾಕಿ, ಮೂಟೆ ಕಟ್ಟಿ, ರೈಲಿನಲ್ಲಿ, ಹಡಗಿನಲ್ಲಿ ಸಾಗಿಸಿ, ಮಿಷಿಗನ್ ರಾಜ್ಯದ ಡಿಯರ್‌ಬಾರ್ನಿನ ತನ್ನ ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ 1930ರಲ್ಲಿ ಮತ್ತೆ ನಿಲ್ಲಿಸಿದ. ಹಂಚಿನ ಬೆಣೆಯವರೆಗೂ ಎಲ್ಲವೂ ಅಲ್ಲಿ ಇರಬಹುದು. ಕೋಲ್ನ್ ಹೊಳೆ, ಗಿರಣಿ, ಬಟ್ಟೆ ಒಣಗಿಸಿದ ಹುಲ್ಲುಗಾವಲು ಇವುಗಳಿಗೆ ಅಂಕಿ ಹಾಕಿ ಒಯ್ಯಲು ಬರುವುದಿಲ್ಲ. ಆರ್ಲಿಂಗ್ಟನ್ ಸಾಲು ಇದ್ದಲ್ಲಿಯೇ ದುರಸ್ತಿಯಾಯಿತು. 1949ರಲ್ಲಿ ನ್ಯಾಷನಲ್ ಟ್ರಸ್ಟಿನ ಒಡೆತನಕ್ಕೆ ಬಂತು.

ಈಗಲೂ ಆ ಮನೆಗಳಲ್ಲಿ ಜನ ಬಾಡಿಗೆಗಿದ್ದಾರೆ. ನೋಡಲು ಬರುವವರ ಸಂಖ್ಯೆ ಊರಿನವರನ್ನು ಎಷ್ಟೋ ಪಾಲು ಮೀರುತ್ತದೆ. ಕೆಲವು ವರ್ಷಗಳ ಹಿಂದೆ ಊರಿನ ಹಿರಿಯರೊಬ್ಬರ ಹಳದಿ ಬಣ್ಣದ ಕಾರು ಸಾಲುಮನೆಗಳ ಬಳಿ ನಿಲ್ಲುತ್ತಿದ್ದು, ಚಿತ್ರ ಕೆಡಿಸುತ್ತದೆಂದು ಪ್ರವಾಸಿಗರು ದೂರಿದರು. 2017ರಲ್ಲಿ ಯಾರೋ ಅದರ ಗಾಜು ಒಡೆದು ಮೈಯನ್ನು ಗೀಚಿ ಹಾಳುಮಾಡಿದರು. ಅದನ್ನು ಪ್ರತಿಭಟಿಸಿ ಅದೇ ವರ್ಷದ ಏಪ್ರಿಲಿನಲ್ಲಿ ಸುಮಾರು ನೂರು ಹಳದಿ ಕಾರುಗಳು ಬೈಬರಿಯ ಬೀದಿಯಲ್ಲಿ ಮೆರವಣಿಗೆ ಬಂದವು. ಎದುರಿನ ರ‍್ಯಾಕ್ ಐಲ್ ಈಗ ಜೌಗು ಹುಲ್ಲುಗಾವಲಾಗಿ ಕಾಪಾಡಲ್ಪಟ್ಟಿದೆ. ನೀರುಹಕ್ಕಿಗಳು, ಹೊಳೆದಂಡೆಯ ಬಿಲಗಳಲ್ಲಿ ಬಾಳುವ ಇಲಿಯಂಥ ಕಿರುಪ್ರಾಣಿಗಳು, ಜೌಗಿನ ಹೂಗಿಡಗಳು ಅಲ್ಲಿವೆ. ಬಟ್ಟೆ ಬಿಗಿಯುತ್ತಿದ್ದ ಚೌಕಟ್ಟುಗಳಲ್ಲಿ ಒಂದೂ ಉಳಿದಿಲ್ಲ.